ಹಾಳೆ ಮಗುಚುವವಳು

ರವೆ ಅರ್ಧ ಹುರಿದಿತ್ತು. ಇನ್ನೊಂದಿಷ್ಟು ಕೆಂಪಗಾದರೆ ನೀರು ಹೊಯ್ಯಬಹುದೆಂದು ಗಿಡ್ಡಮ್ಮ ಬಾಂಡ್ಲಿಯಲ್ಲಿ ಸೌಟು ಆಡಿಸುತ್ತಿದ್ದಾಗ, ಅಂಗನವಾಡಿಯ ಅನ್ನಪೂರ್ಣಮ್ಮ ಟೀಚರು ಹಾಜರಿ ಪುಸ್ತಕದಿಂದ ತಲೆ ಎತ್ತದೆಯೇ ಆ ಮಾತು ಹೇಳಿದರು. ನಿನ್ನೆ ಅವರ ತಂಗಿ ಜಗಳೂರಿನಿಂದ ಇಲ್ಲಿಗೆ, ಚನ್ನಗಿರಿಗೆ ಬಂದಿದ್ದಳಂತೆ. ತಂಗಿಯ ಮಗಳಿಗೆ ಜಗಳೂರು ಹೈಸ್ಕೂಲಿನ ಹಾಲಸ್ವಾಮಿ ಮೇಷ್ಟ್ರು ಪಿಟೀಲು ಹೇಳಿಕೊಡುತ್ತಿದ್ದರಂತೆ. “ಈಗ ಬಿಟ್ಟೇ ಬಿಟ್ರಂತೆ ನೋಡ್ರಿ. ಬರೋ ತಿಂಗಳು ರಿಟೈರು. ಪಿಟೀಲು ಇಸ್ಕೂಲಿಗೇ ಕೊಟ್ಟು ಹೋಗ್ತೀನಿ, ಇನ್ನು ನನಗ್ಯಾಕೆ ಅಂದ್ರಂತೆ. ಹುಡುಗಿ ಅತ್ತಿದ್ದೇ ಅತ್ತಿದ್ದು. ಎಂಥಾ ಕೈ ಅಂತೀರಿ ಆ ಮನುಷ್ಯಂದು!” ಗಿಡ್ಡಮ್ಮ ಹೂಂ ಎಂದಳು. ಸೌಟು ಒಂದೇ ಕಡೆ ನಿಂತಿತ್ತು. ಒಲೆಯ ಉರಿ ಸರಿಯಾಗಿಯೇ ಇತ್ತು, ಅವಳ ಕೈಯೇ ಎಲ್ಲೋ ಹೋಗಿತ್ತು. ಸೀದ ವಾಸನೆ ಬಂದಾಗ ಮಕ್ಕಳು ಮೂಗು ಮುಚ್ಚಿಕೊಂಡು ನಕ್ಕವು.

“ಆರು ವರ್ಷದಾಗೆ ಇವತ್ತೇ ಮೊದಲು ಸೀಸಿದ್ದು ನೀವು. ಮೇಷ್ಟ್ರು ನಿಮಗೇನಾಗ್ಬೇಕ್ರೀ?” ಎಂದು ಟೀಚರು ತಮಾಷೆಗೆ ಕೇಳಿದರು.

“ಏನೂ ಆಗ್ಬೇಕಿಲ್ಲ ಟೀಚರೇ. ಯಾರೋ ಅಂದ್ಕಂಡೆ.”

ಸುಳ್ಳು ಇಷ್ಟು ಸುಲಭವಾಗಿ ಬಾಯಿಗೆ ಬರುತ್ತದಲ್ಲ ಎಂದು ಅವಳಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯವಾಯಿತು. ಅಂದೂ ಹೀಗೇ ಬಂದಿತ್ತು, ಯಾರೂ ಕರೆಯದೆ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಸೀದದ್ದನ್ನು ಹೊರಗೆ ಚೆಲ್ಲಿ, ಬಾಂಡ್ಲಿ ತಿಕ್ಕಿ, ಹೊಸ ರವೆ ಹಾಕಿದಳು. ತಿಕ್ಕುವಾಗ ಎಡದಿಂದ ಬಲಕ್ಕೆ ಕೈ ಓಡುವುದನ್ನು ಕಂಡಳು. ಎಡದಿಂದ ಬಲಕ್ಕೆ ಒರಸಬೇಕು ಗಿಡ್ಡಮ್ಮ, ದಪ್ಪ ದನಿಯಿಂದ ಸಣ್ಣ ದನಿಗೆ, ಆಗ ಅದು ಮೈ ಮುರಿದು ಏಳ್ತದ. ಪಿಯಾನೋ ಒರಸುವುದನ್ನು ಲೇಡಿ ಡಾಕ್ಟರು ಶಾಂತಾದೇವಿ ಹಾಗೆ ಹೇಳಿಕೊಟ್ಟಿದ್ದರು. ಎಪ್ಪತ್ತೇಳನೇ ಇಸವಿ, ಹೊನ್ನಾಳಿಯ ಹೊಳೆಯ ಕಡೆಯ ಕ್ವಾರ್ಟರ್ಸು. ಡಾಕ್ಟರು ಧಾರವಾಡದ ಪಾದ್ರಿಯೊಬ್ಬರ ಮಗಳು, ನಲವತ್ತು ದಾಟಿದವರು, ಮದುವೆಯಾಗಿರಲಿಲ್ಲ. ತಂದೆಯ ಕಾಲದ ಪಿಯಾನೋವನ್ನು ಲಾರಿಯಲ್ಲಿ ತರಿಸಿಕೊಂಡಿದ್ದರು. ಅದು ಇಳಿದ ದಿನ ಓಣಿಯೇ ನೆರೆದು ದೊಡ್ಡ ಹಾರ್ಮೋನಿಯಂ ಬಂತು ಎಂದು ನೋಡಿತ್ತು. ಒಂದು ಕಾಲಿಗೆ ಗೆದ್ದಲು ಹಿಡಿದಿತ್ತು, ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು. ಮಳೆಗಾಲದಲ್ಲಿ ಬೆರಳೊತ್ತುವ ಬಿಳಿ ಪಟ್ಟಿಗಳಲ್ಲಿ ನಡುವಿನ ಎರಡು ಊದಿಕೊಂಡು ಒತ್ತಿದರೆ ಮೇಲೇಳುತ್ತಿರಲಿಲ್ಲ, ಡಾಕ್ಟರು ಬಾರಿಸುತ್ತಲೇ ಉಗುರಿನಿಂದ ಅವನ್ನು ಎಬ್ಬಿಸುತ್ತಿದ್ದರು. ಗೋವಿನಕೋವಿಯ ಗಿಡ್ಡಮ್ಮ, ಗಂಡ ಸತ್ತು ಅತ್ತೆಮನೆ ಬಿಟ್ಟು ಬಂದವಳು, ಆ ಮನೆಯಲ್ಲಿ ಅಡುಗೆ ಮಾಡಿಕೊಂಡು ಹಿತ್ತಿಲ ಕೋಣೆಯಲ್ಲಿದ್ದಳು.

ಹಾಲಸ್ವಾಮಿ ಮೇಷ್ಟ್ರು ಭಾನುವಾರ ನ್ಯಾಮತಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಅಲ್ಲಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹರೆಯದಲ್ಲಿ ನಾಟಕ ಕಂಪನಿಯಲ್ಲಿ ಪಿಟೀಲು ನುಡಿಸಿದವರು, ಆಮೇಲೆ ಮಠದಲ್ಲಿ, ಹರಿಕಥೆಯಲ್ಲಿ, ಯಾರು ಹಾಡಿದರೂ ಅವರ ಪಕ್ಕದಲ್ಲಿ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮೊದಲ ದಿನವೇ ಅವಳನ್ನು ನೋಡಿ, “ಹೆಸರು ಗಿಡ್ಡಮ್ಮ, ಆಳು ನೋಡಿದ್ರೆ ತೊಲೆಗೆ ತಲೆ ತಾಗ್ತೈತೆ, ಯಾರಮ್ಮ ನಿನಗೆ ಹೆಸರಿಟ್ಟೋರು?” ಎಂದು ನಗಿಸಿದ್ದರು. ಡಾಕ್ಟರ ಹತ್ತಿರ ಒಂದು ಹಳೆಯ ಪುಸ್ತಕವಿತ್ತು. ನೂರು ವರ್ಷದ ಹಿಂದೆ ದೂರದೇಶದಲ್ಲಿ ಯಾರೋ ಪಿಟೀಲಿಗೂ ಪಿಯಾನೋಗೂ ಸೇರಿಸಿ ಬರೆದದ್ದು, ಸೊನಾಟಾ ಎಂದು ಅದರ ಹೆಸರು. ದೊಡ್ಡ ಪುಸ್ತಕ ಪಿಯಾನೋದ್ದು. ಅದರ ಹೊಟ್ಟೆಯೊಳಗೆ ಮರಿಯ ಹಾಗೆ ಇನ್ನೊಂದು ತೆಳ್ಳನೆಯ ಪುಸ್ತಕ, ಐದಾರು ಹಾಳೆಯದು, ಪಿಟೀಲಿನವರಿಗೆ. ಮೇಷ್ಟ್ರಿಗೆ ಆ ಗೆರೆ ಚುಕ್ಕೆ ಓದಲು ಬಾರದು. ಡಾಕ್ಟರು ಒಂದೊಂದೇ ಒತ್ತಿ ಕೇಳಿಸಿದರು. ಮೇಷ್ಟ್ರು ಪ್ರತಿ ಚುಕ್ಕೆಯ ಕೆಳಗೂ ಪೆನ್ಸಿಲಿನಲ್ಲಿ ಸ, ರಿ, ಗ ಎಂದು ಕನ್ನಡದಲ್ಲಿ ಬರೆದುಕೊಂಡರು. ಅದಕ್ಕೇ ಮೂರು ತಿಂಗಳು ಹಿಡಿಯಿತು. ಡಾಕ್ಟರು ಸ್ಟೂಲಿನ ಮೇಲೆ, ಮೇಷ್ಟ್ರು ಕೆಳಗೆ ಚಾಪೆಯ ಮೇಲೆ ಚಕ್ಕಳಮಕ್ಕಳ, ಪಿಟೀಲಿನ ತಲೆ ಕಾಲಿನ ಗಿಣ್ಣಿಗೆ ಒರಗಿಸಿಕೊಂಡು. ಎದುರಿಗೆ ಒಂದು ಮಣೆಯನ್ನು ಗೋಡೆಗೆ ಆನಿಸಿ ಗಿಡ್ಡಮ್ಮ ಆ ತೆಳ್ಳನೆಯ ಪುಸ್ತಕವನ್ನು ನಿಲ್ಲಿಸಿಕೊಡುತ್ತಿದ್ದಳು.

ಮೇಷ್ಟ್ರಿಗೆ ಒಂದು ಚಾಳಿ. ಹಾಡುವವರ ಬೆನ್ನಿಗೆ ಹೋಗಿ ಹೋಗಿ ಅಭ್ಯಾಸವಾದ ಕೈ. ಮೊದಲು ಅವರು ಹೇಳಲಿ, ಆಮೇಲೆ ತಾನು ಹೇಳುತ್ತೇನೆ ಎಂದು ಅದು ಕಾಯುತ್ತಿತ್ತು. ನಿಧಾನದ ಎರಡನೆಯ ಭಾಗದಲ್ಲಿ ಪಿಯಾನೋ ನಾಲ್ಕು ಹೆಜ್ಜೆ ಒಂಟಿಯಾಗಿ ನಡೆದು ಬಾಗಿಲ ಬಳಿ ನಿಂತ ಹಾಗೆ ನಿಲ್ಲುತ್ತದೆ, ಆ ಗಳಿಗೆಗೆ ಸರಿಯಾಗಿ ಪಿಟೀಲು ಬರಬೇಕು. ಮೇಷ್ಟ್ರು ಪ್ರತಿ ಸಲ ಒಂದು ಉಸಿರು ತಡ. ಡಾಕ್ಟರು ಕೈ ಎತ್ತಿ ಹೇಳುತ್ತಿದ್ದರು: “ಹಿಂದ ಬರಬ್ಯಾಡ್ರಿ ಮೇಷ್ಟ್ರ, ಜೊತೆಗೆ ಬರ್ರಿ. ಇದರಾಗ ಪಕ್ಕವಾದ್ಯ ಅಂತ ಇಲ್ಲ, ಇಬ್ಬರೂ ಒಂದ.” ಮೇಷ್ಟ್ರು ತಲೆ ಕೆರೆದುಕೊಂಡು, “ಮೂವತ್ತು ವರ್ಷದ ಚಟ ಡಾಕ್ಟ್ರೇ, ಬಿಡ್ರಿ ಅಂದ್ರೆ ಬಿಡ್ತೈತಾ” ಎನ್ನುತ್ತಿದ್ದರು. ಮತ್ತೆ ಮೊದಲಿನಿಂದ. ಒಳಗೆ ಸಾರು ಕುದಿಯುತ್ತಿದ್ದರೂ ಗಿಡ್ಡಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಆ ನಾಲ್ಕು ಹೆಜ್ಜೆಯನ್ನು ಎಣಿಸುತ್ತ ನಿಲ್ಲುತ್ತಿದ್ದಳು. ಬೀದಿಯ ಬಾಗಿಲು ತೆರೆದೇ ಇರಬೇಕೆಂಬುದು ಡಾಕ್ಟರ ಕಟ್ಟಪ್ಪಣೆ. ತೆರೆದ ಬಾಗಿಲಿನ ಮೇಲೆಯೇ ಊರಿಗೆ ಕಣ್ಣು. ಆಸ್ಪತ್ರೆಯ ಆಯಾ ಕರಿಯಕ್ಕ ನಲ್ಲಿಯ ಬಳಿ ಎಲ್ಲರೆದುರಿಗೆ ಕೇಳುತ್ತಿದ್ದಳು:

“ಏನೇ ಗಿಡ್ಡಿ, ಮೇಷ್ಟ್ರೂ ಡಾಕ್ಟ್ರಮ್ಮನೂ ವಾರವಾರ ಏನ್ಮಾಡ್ತಾರೆ?”

“ಸಂಗೀತ ಮಾಡ್ತಾರೆ.”

“ಬಾಯಿ ತೆಗೀದಂಗೆ ಸಂಗೀತವಾ? ನನ್ನ ಗಂಡನೂ ಹಂಗೇ ಮಾಡ್ತಿದ್ದ ತಗಾ!”

ಕೊಡಗಳೆಲ್ಲ ನಗುತ್ತಿದ್ದವು. ಗಿಡ್ಡಮ್ಮ ಸಿಟ್ಟಿನಿಂದ, ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಡುತ್ತಿದ್ದಳು. ಅವಳ ಸಿಟ್ಟಿಗೆ ಬೇರೆಯೂ ಒಂದು ಕಾರಣವಿತ್ತು. ಅಲ್ಲಿ ತಾನೂ ಇದ್ದೇನೆ, ಮೂರನೆಯವಳು, ಎಂಬುದು ಯಾರ ಬಾಯಿಗೂ ಬರುತ್ತಿರಲಿಲ್ಲ.

ಆ ವರ್ಷ ಮಹಿಳಾ ಸಮಾಜದವರು ಮಧ್ಯಾಹ್ನದ ಹೊತ್ತು ದೊಡ್ಡವರಿಗೆ ಅಕ್ಷರ ಕಲಿಸಲು ತೊಡಗಿದ್ದರು. ಡಾಕ್ಟರೇ ಸ್ಲೇಟು ಕೊಟ್ಟು ಕಳಿಸಿದ್ದರು. ನಲವತ್ತು ವರ್ಷದ ಬೆರಳಿಗೆ ಬಳಪ ಹಿಡಿಯುವುದು ಕುಡುಗೋಲು ಹಿಡಿದ ಹಾಗಲ್ಲ. ಆದರೂ ಗ ಬಂತು, ಪ ಬಂತು, ಮ ಬಂತು. ಒಂದು ಭಾನುವಾರ ಮಣೆ ನಿಲ್ಲಿಸುವಾಗ ಅವಳಿಗೆ ಹೊಳೆಯಿತು. ಇಂಗ್ಲಿಷೇ ತುಂಬಿದ ಆ ಮನೆಯಲ್ಲಿ ತನಗೆ ಓದಲು ಬರುವ ಒಂದು ಪುಸ್ತಕವಿತ್ತು. “ಪ, ದ, ಪ” ಎಂದಳು ಗಟ್ಟಿಯಾಗಿ. ಮೇಷ್ಟ್ರು ಪಿಟೀಲಿನ ಬಿಲ್ಲು ಕೆಳಗಿಟ್ಟು ಅವಳನ್ನೇ ನೋಡಿದರು. “ಓಹೋ! ಹಂಗಾದ್ರೆ ಇಲ್ಲೇ ಕೂತ್ಕಾ ಗಿಡ್ಡಮ್ಮ. ನನಗೆ ಎರಡೂ ಕೈ ಕಟ್ಟಿಹೋಗಿರ್ತಾವೆ. ಕೊನೇ ಸಾಲಿನಾಗೆ ಪ ದ ಪ ಬಂದ ಕೂಡ್ಲೆ ಹಾಳೆ ಮಗುಚು.” ಅಂದಿನಿಂದ ಏಳು ಭಾನುವಾರ ಅವಳು ಚಾಪೆಯ ಅಂಚಿಗೆ ಕೂತು, ಹಾಳೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ಅಕ್ಷರದ ಹಿಂದೆ ಕಣ್ಣು ಓಡಿಸಿದಳು. ನಿಧಾನದ ಭಾಗದಲ್ಲಿ ಸರಿಹೋಗುತ್ತಿತ್ತು. ಈಗ ಅಂಗನವಾಡಿಯ ಮಕ್ಕಳಿಗೆ ತಟ್ಟೆ ಹಾಕುತ್ತ, ಬೆರಳುಗಳನ್ನು ನೋಡಿಕೊಂಡಳು. ಆ ಏಳು ವಾರ ತಾನು ಯಾರೋ ಆಗಿದ್ದೆ. ಯಾರು ಎಂದು ಕೇಳಿದರೆ ಹೇಳಲು ಬಾರದು.

ಎಂಟನೆಯ ಭಾನುವಾರ ಮೂರನೆಯ ಭಾಗ ಹಿಡಿದರು. ಅದು ಓಟ. ಅಕ್ಷರಗಳು ಇರುವೆ ಚದುರಿದ ಹಾಗೆ. ಅವಳು ಇನ್ನೂ ಮೇಲಿನ ಸಾಲಿನ ನಡುವೆ ತುಟಿ ಅಲ್ಲಾಡಿಸುತ್ತಿದ್ದಾಗ ಮೇಷ್ಟ್ರು ಕೆಳಗಿನ ಕೊನೆ ಮುಟ್ಟಿ, “ಮಗುಚು, ಮಗುಚು!” ಎಂದರು. ಗಾಬರಿಗೆ ಎರಡು ಹಾಳೆ ಒಟ್ಟಿಗೆ ಬಂತು. ಮಣೆ ಜಾರಿ ಬಿತ್ತು. ಬಿಲ್ಲು ಕಿರ್ ಎಂದಿತು. “ಥೋ! ಇಂಥಾದ್ದಕ್ಕೆಲ್ಲ ಇವಳ್ಯಾಕೆ ಬೇಕ್ರೀ? ಕಾಫಿ ಮಾಡಾಕೆ ಕಳಿಸ್ರಿ ಒಳಗೆ” ಎಂದರು ಮೇಷ್ಟ್ರು. ಮುನಿಸಿನ ಮಾತು, ಮರುಗಳಿಗೆಗೆ ಅವರೇ ಮರೆತಿರಬೇಕು. ಆದರೆ ಡಾಕ್ಟರು ನಕ್ಕರು. ಸಣ್ಣ ನಗು. ಒಂಬತ್ತು ವರ್ಷದಲ್ಲಿ ಮೇಷ್ಟ್ರ ಮಾತು ಮಾಸಿದೆ, ಆ ನಗು ಮಾಸಿಲ್ಲ. ಕಾಫಿ ಮಾಡಿ ತಂದುಕೊಟ್ಟು, ಮೇಷ್ಟ್ರು ಬಸ್ಸಿಗೆ ಹೋದ ಮೇಲೆ, ಡಾಕ್ಟರು ಸ್ನಾನಕ್ಕೆ ಹೋಗಿದ್ದಾಗ, ಆ ತೆಳ್ಳನೆಯ ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು ತನ್ನ ಕೋಣೆಗೆ ಹೋದಳು. ದಿನಾ ಓದಿ ಓದಿ ಬಾಯಿಪಾಠ ಮಾಡಿಕೊಂಡು, ಮುಂದಿನ ಭಾನುವಾರ ಕಣ್ಣು ಮುಚ್ಚಿ ಮಗುಚಿ ತೋರಿಸುತ್ತೇನೆ. ಶನಿವಾರ ಮೆಲ್ಲನೆ ತಂದು ಇಟ್ಟುಬಿಟ್ಟರಾಯಿತು. ಇಷ್ಟೇ ಇದ್ದದ್ದು ಮನಸ್ಸಿನಲ್ಲಿ.

ಅದೇ ವಾರ ಆಸ್ಪತ್ರೆಯ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಡಾಕ್ಟರ ಹೆಸರನ್ನೂ ಮೇಷ್ಟ್ರ ಹೆಸರನ್ನೂ ಪಕ್ಕಪಕ್ಕ ಬರೆದರು. ಗಿಡ್ಡಮ್ಮನಿಗೆ ಗೊತ್ತಿದ್ದ ಒಂದೆರಡು ಅಕ್ಷರದಿಂದಲೇ ಅದು ಯಾರ ಹೆಸರೆಂದು ತಿಳಿಯಿತು. ಹಸಿ ಬಟ್ಟೆಯಲ್ಲಿ ಉಜ್ಜಿದಳು, ಅದು ಇನ್ನಷ್ಟು ಅಗಲವಾಯಿತು. ಡಾಕ್ಟರು ಊಟ ಅರ್ಧಕ್ಕೆ ಬಿಡುತ್ತಿದ್ದರು. ಮೇಷ್ಟ್ರಿಗೂ ಸುದ್ದಿ ಮುಟ್ಟಿರಬೇಕು, ಭಾನುವಾರಕ್ಕೆ ಕಾಯದೆ ಶನಿವಾರ ಬೆಳಿಗ್ಗೆಯೇ ಬಂದರು. ಬಂದವರು ಗೋಡೆಯ ಮಾತು ಎತ್ತಲಿಲ್ಲ, ಡಾಕ್ಟರೂ ಎತ್ತಲಿಲ್ಲ. “ಇವತ್ತು ಮೂರೂ ಭಾಗ ನಿಲ್ಲಸದಂಗೆ ನುಡಿಸೋಣ. ಮುಂದೆ ಏನಾಗ್ತೈತೋ ಯಾರಿಗ್ಗೊತ್ತು” ಎಂದರು ಮೇಷ್ಟ್ರು. ಡಾಕ್ಟರು ದೊಡ್ಡ ಪುಸ್ತಕ ತೆರೆದರು. ಹೊಟ್ಟೆ ಖಾಲಿ. ಬೀರು, ಮೇಜು, ಸ್ಟೂಲಿನ ಕೆಳಗೆ, ಎಲ್ಲ ಹುಡುಕಿದರು. ಗಿಡ್ಡಮ್ಮ ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತ ಕೂತಿದ್ದಳು. ಎದ್ದು ಹಿತ್ತಿಲಿಗೆ ಹತ್ತು ಹೆಜ್ಜೆ. ಏಳಬೇಕು ಅಂದುಕೊಂಡಳು. ಇನ್ನೊಂದು ಸೌತೆಕಾಯಿ ಎತ್ತಿಕೊಂಡಳು. ತಂದುಕೊಟ್ಟರೆ ಕದ್ದಿದ್ದೆ ಅಂದಂತಾಯಿತು. ಕಲಿಯಲು ತಗೊಂಡೆ ಎಂದರೆ ಇಬ್ಬರೂ ನಗುತ್ತಾರೆ.

“ಗಿಡ್ಡಮ್ಮ, ನೀ ಏನರೆ ನೋಡಿಯೇನು?” ಡಾಕ್ಟರು ಬಾಗಿಲಲ್ಲಿ ನಿಂತಿದ್ದರು, ಅವರ ಹಿಂದೆ ಮೇಷ್ಟ್ರು.

“ಹೋದ ವಾರ ಮೇಷ್ಟ್ರೇ ಚೀಲದಾಗ ಇಟ್ಕಂಡಂಗಿತ್ತವ್ವ.”

ಯಾಕೆ ಹಾಗೆಂದಳು? ನೋಡಿಲ್ಲ ಎಂದಿದ್ದರೆ ಸಾಕಿತ್ತು. ಕಾಫಿ ಮಾಡಾಕೆ ಕಳಿಸ್ರಿ ಎಂದದ್ದಕ್ಕೆ ಒಂದು ಚುಚ್ಚು ಇರಲಿ ಎಂದೇ? ಇರಬಹುದು. ಮೇಷ್ಟ್ರು ಮೊದಲು ನಕ್ಕರು, “ನಾನಾ?” ಎಂದರು. ಆಮೇಲೆ ಡಾಕ್ಟರ ಮುಖ ನೋಡಿ ನಗು ನಿಲ್ಲಿಸಿದರು. ಡಾಕ್ಟರು ಮೆತ್ತಗೆ ಹೇಳಿದರು: “ಮಂದಿ ಮಾತಿಗೆ ಅಂಜಿದ್ರ ಬಾಯಿಬಿಟ್ಟು ಹೇಳಬಹುದಿತ್ತು ಮೇಷ್ಟ್ರ. ಹಾಳಿ ಯಾಕ ಮಾಯ ಮಾಡಬೇಕಿತ್ತು?” “ನಾನು ಅಂಜಿದ್ದೀನಾ? ನನ್ನ ಬರಬ್ಯಾಡ ಅನ್ನಾಕೆ ಕೆಲಸದಾಕಿ ಬಾಯಿ ಬೇಕಾಯ್ತಾ ನಿಮಗೆ?” ಹೊಳೆಯ ಕಡೆಯಿಂದ ಅಗಸರು ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಇಬ್ಬರಲ್ಲಿ ಒಬ್ಬರು ಇನ್ನೊಂದು ಮಾತಾಡಿದ್ದರೆ ಗಿಡ್ಡಮ್ಮ ಎದ್ದು ಹೋಗಿ ತಂದುಬಿಡುತ್ತಿದ್ದಳೇನೋ. ಮೇಷ್ಟ್ರು ಪಿಟೀಲು ಪೆಟ್ಟಿಗೆಗೆ ಹಾಕಿದರು. ಗೇಟಿನವರೆಗೆ ಹೋಗಿ, ನೀರು ಚೆಲ್ಲುವ ನೆಪದಲ್ಲಿ ಹೊರಗೆ ಬಂದಿದ್ದ ಅವಳನ್ನು ಕರೆದು, ಚೀಲದ ಬಾಯಿ ಅಗಲಿಸಿ ಹಿಡಿದರು. “ನೋಡ್ತೀಯೇನಮ್ಮ?” ಒಂದು ಟವೆಲು, ಬಿಲ್ಲಿಗೆ ಉಜ್ಜುವ ರಾಳದ ಉಂಡೆ, ಡಾಕ್ಟರಿಗೆಂದು ತಂದು ಕೊಡಲು ಮರೆತ ನಾಲ್ಕು ಪುಟ್ಟಬಾಳೆ. ಅವಳು ನೆಲ ನೋಡಿದಳು. ಮುಂದಿನ ಭಾನುವಾರ ಅವರು ಬರಲಿಲ್ಲ. ಅದೇ ಬೇಸಿಗೆಯಲ್ಲಿ, ಯಾರೂ ಕೇಳಿಕೊಂಡು ಹೋಗದ ಜಗಳೂರಿಗೆ ತಾವೇ ಅರ್ಜಿ ಬರೆದು ವರ್ಗ ಮಾಡಿಸಿಕೊಂಡರಂತೆ.

ಉಪ್ಪಿಟ್ಟು ಮುಗಿಯಿತು. ಮಕ್ಕಳ ಕೈ ತೊಳೆಸಿ, ಹೊಟ್ಟೆನೋವು ಎಂದು ಟೀಚರಿಗೆ ಹೇಳಿ (ಇನ್ನೊಂದು ಸುಳ್ಳು, ಇವತ್ತಿನ ಲೆಕ್ಕಕ್ಕೆ ಎರಡು), ಗಿಡ್ಡಮ್ಮ ಬಿಸಿಲಿನಲ್ಲೇ ಮನೆಗೆ ನಡೆದಳು. ಕೆರೆಯ ಕಡೆಯಿಂದ ಬೀಸುವ ಗಾಳಿ ಬಿಸಿಯಾಗಿತ್ತು. ಟ್ರಂಕಿನ ತಳದಲ್ಲಿ, ಎರಡು ಮಡಿ ಸೀರೆಯ ನಡುವೆ ಆ ಪುಸ್ತಕ. ಅದರ ಮೇಲೆ ಡಾಕ್ಟರ ಎಂಟು ಕಾರ್ಡು. ಡಾಕ್ಟರಿಗೆ ಹೊನ್ನಾಳಿಯಿಂದ ವರ್ಗವಾಗಿ, ಗಿಡ್ಡಮ್ಮ ಚನ್ನಗಿರಿಗೆ ಬಂದ ಮೇಲೆ ಅವರು ಪ್ರತಿ ಕ್ರಿಸ್‌ಮಸ್ಸಿಗೆ ಒಂದೊಂದು ಕಾರ್ಡು ಬರೆಯುತ್ತಿದ್ದರು, ಅವಳಿಗೆ ಓದಲು ಸುಲಭವಾಗಲೆಂದು ಗುಂಡಗೆ, ದಪ್ಪಗೆ. ಈಗ ಧಾರವಾಡದ ತಂದೆಯ ಮನೆಯಲ್ಲಿದ್ದಾರೆ. ಕಳೆದ ಸಲ ಬರೆದಿದ್ದರು: ‘ಪಿಯಾನೋ ಇನ್ನೂ ಇದೆ. ಬೆರಳಿನ ಗಂಟು ನೋವು. ಒಮ್ಮೊಮ್ಮೆ ಆ ಸೊನಾಟಾದ ನನ್ನ ಭಾಗ ಮಾತ್ರ ಬಾರಿಸುತ್ತೇನೆ. ಅರ್ಧ ಹಾಡು ಕೇಳಿ ಪಕ್ಕದ ಮನೆಯವರಿಗೆ ಬೇಸರ.’ ಪ್ರತಿ ಕಾರ್ಡು ಬಂದಾಗಲೂ ಅವಳು ಉತ್ತರ ಬರೆಯಲು ಕೂತಿದ್ದಳು. ‘ನಾನು ಸೌಖ್ಯ, ತಾವು ಸೌಖ್ಯ ಎಂದು ನಂಬಿದ್ದೇನೆ’ ಎಂಬಲ್ಲಿಗೆ ಕೈ ನಿಲ್ಲುತ್ತಿತ್ತು. ನಾಲ್ಕು ವರ್ಷದ ಹಿಂದೆ ಒಂದು ಕಾಗದ ಪೂರ್ತಿಯಾಗಿತ್ತು, ಲಕೋಟೆಗೂ ಹೋಗಿತ್ತು. ಅದರಲ್ಲಿ, ಸಾಮಾನು ಕಟ್ಟುವಾಗ ಹಳೆ ಪೇಪರಿನ ನಡುವೆ ಈ ಹಾಳೆ ಸಿಕ್ಕಿತು ಎಂದಿತ್ತು. ಆ ಲಕೋಟೆ ಈಗಲೂ ಇಲ್ಲೇ ಇದೆ. ವಿಳಾಸ ಬರೆದದ್ದು, ಬಾಯಿ ಅಂಟಿಸಿದ್ದು. ಹಾಗೇ ಪುಸ್ತಕದ ಜೊತೆ ಕಳಿಸಿಬಿಟ್ಟರೆ? ಯಾರಿಗೂ ನೋವಿಲ್ಲ. ತನಗೂ ಕಾರ್ಡು ಬರುತ್ತಲೇ ಇರುತ್ತದೆ.

ಪುಸ್ತಕ ತೆರೆದಳು. ಪೆನ್ಸಿಲಿನ ಅಕ್ಷರ ಬೂದಿಯಾಗುತ್ತಿತ್ತು. ಎರಡನೆಯ ಭಾಗದ ನೆತ್ತಿಯಲ್ಲಿ, ಪಿಟೀಲು ಒಳಗೆ ಬರುವ ಜಾಗದಲ್ಲಿ, ಮೇಷ್ಟ್ರು ತಮಗೆ ತಾವೇ ಬರೆದುಕೊಂಡಿದ್ದರು, ಕೆಳಗೆ ಎರಡು ಗೆರೆ ಎಳೆದು: ‘ಜೊತೆಗೆ’. ಸ್ವರ ಓದಲು ಬರುತ್ತಿದ್ದ ಕಾಲಕ್ಕೆ ಅವಳಿಗೆ ಈ ಪದ ಓದಲು ಬರುತ್ತಿರಲಿಲ್ಲ. ಕೊಂಬು, ಏತ್ವ ಎಲ್ಲ ಕಲಿತು, ಒಂದು ಮಧ್ಯಾಹ್ನ ಇದೇ ಟ್ರಂಕಿನ ಮುಂದೆ ಕೂತು ಕೂಡಿಸಿ ಓದಿದಾಗ ಅವರು ಜಗಳೂರಿಗೆ ಹೋಗಿ ಎರಡು ವರ್ಷವಾಗಿತ್ತು. ಓದು ಬಂದದ್ದೇ ತಪ್ಪಾಯಿತೇನೋ ಎಂದು ಆ ದಿನ ಅನಿಸಿತ್ತು. ಡಾಕ್ಟರು ಇದನ್ನು ನೋಡಬೇಕು. ಹಾಳೆ ಸಿಕ್ಕಿತು ಎಂದು ಬರೆದರೆ, ಮೇಷ್ಟ್ರು ಎಲ್ಲೋ ಬಿಸುಟಿದ್ದು ಸಿಕ್ಕಿತು ಎಂದುಕೊಳ್ಳುತ್ತಾರೆ. ಅಷ್ಟೇ ಆಗುತ್ತದೆ.

ಹಳೆಯ ಲಕೋಟೆಯನ್ನು ಒಲೆಗೆ ಹಾಕಿದಳು. ಹೊಸ ಹಾಳೆ ತೆಗೆದುಕೊಂಡು ನೆಲದ ಮೇಲೆ ಮಣೆ ಇಟ್ಟು ಬರೆದಳು. ‘ಡಾಕ್ಟ್ರಮ್ಮನವರಿಗೆ ಗಿಡ್ಡಮ್ಮ ಮಾಡುವ ನಮಸ್ಕಾರ. ಈ ಪುಸ್ತಕವನ್ನು ಮೇಷ್ಟ್ರು ತೆಗೆದುಕೊಂಡಿರಲಿಲ್ಲ. ನಾನು ತೆಗೆದುಕೊಂಡಿದ್ದೆ. ಕದಿಯಬೇಕೆಂದು ಅಲ್ಲ.’ ಇಲ್ಲಿ ನಿಂತು, ಕೊನೆಯ ಸಾಲನ್ನು ಹೊಡೆದು ಹಾಕಿದಳು. ‘ನೀವು ಕೇಳಿದಾಗ ಸುಳ್ಳು ಹೇಳಿದೆ. ಅವರ ಚೀಲದಲ್ಲಿ ನಾಲ್ಕು ಬಾಳೆಹಣ್ಣು ಇತ್ತು, ನಿಮಗೆ ತಂದದ್ದು. ನಾನು ನೋಡಿದ್ದೆ. ಅವರು ಬರುವ ತಿಂಗಳು ರಿಟೈರ್ ಆಗುತ್ತಾರೆ, ಪಿಟೀಲು ಕೊಟ್ಟುಬಿಡುತ್ತಾರಂತೆ. ವಿಳಾಸ ಕೆಳಗೆ ಬರೆದಿದ್ದೇನೆ. ಎರಡನೇ ಭಾಗದ ಮೇಲೆ ಅವರು ಬರೆದದ್ದನ್ನು ನೋಡಿರಿ. ನನಗೆ ಇನ್ನು ಕಾರ್ಡು ಬರೆಯದಿದ್ದರೂ ನಡೆಯುತ್ತದೆ.’ ಜಗಳೂರು, ಚಿತ್ರದುರ್ಗ ಜಿಲ್ಲೆ ಎಂದು ಬರೆಯುವಾಗ ಒತ್ತಕ್ಷರ ನೆಟ್ಟಗೆ ಬಂತು. ಓದಿ ನೋಡಲಿಲ್ಲ. ಓದಿದರೆ ಇನ್ನೊಂದು ನಾಲ್ಕು ವರ್ಷ.

ಪೋಸ್ಟಾಫೀಸಿನ ಕಿಟಕಿಯಲ್ಲಿ ಪಂಚಾಕ್ಷರಪ್ಪ ಲಕೋಟೆಯನ್ನು ತೂಗಿ, ತಿರುಗಿಸಿ ನೋಡಿದರು.

“ಏನೈತಮ್ಮ ಒಳಗೆ?”

“ಪಿಟೀಲಿನ ಪುಸ್ತಕ. ಒಂದು ಕಾಗದ.”

“ಪುಸ್ತಕಕ್ಕೆ ಬುಕ್‌ಪೋಸ್ಟ್ ಐತಲ್ಲ, ಸಸ್ತಾ ಆಗ್ತೈತೆ. ಆದ್ರೆ ಅದರಾಗೆ ಕಾಗದ ಇರಂಗಿಲ್ಲ, ಬಾಯಿ ಅಂಟಿಸಂಗಿಲ್ಲ. ಕಾಗದ ಬೇರೆ ಹಾಕು. ಅದು ನಾಳಿದ್ದು ಮುಟ್ತೈತೆ, ಪುಸ್ತಕ ನಾಕು ದಿನ ಹಿಂದೆ ಹೋಗ್ತೈತೆ. ಏನು ಗಂಟು ಹೋಗ್ತೈತೆ?”

“ಬ್ಯಾಡ ಸ್ವಾಮಿ. ಹಿಂದೆ ಹೋಗಬಾರ್ದು. ಎರಡೂ ಜೊತೆಗೇ ಹೋಗ್ಬೇಕು.”

“ನಿನ್ನಿಷ್ಟ. ರಿಜಿಸ್ಟರ್ ಮಾಡ್ತೀನಿ. ಕಳಿಸೋರ ಹೆಸರೇ ಇಲ್ವಲ್ಲಮ್ಮ ಇಲ್ಲಿ?”

ಅಲ್ಲಿ ಖಾಲಿ ಬಿಟ್ಟಿದ್ದಳು. ಮರೆತಿರಲಿಲ್ಲ. ದಾರದಿಂದ ಕಟ್ಟಿದ್ದ ಪೆನ್ನು ತೆಗೆದುಕೊಂಡು, ಹಿಂದೆ ನಿಂತವರು ಗೊಣಗುತ್ತಿದ್ದಂತೆ, ಒಂದೊಂದೇ ಅಕ್ಷರ ಬರೆದಳು. ಪಂಚಾಕ್ಷರಪ್ಪ ಮುದ್ರೆ ಎತ್ತಿ ಧಪ್ ಧಪ್ ಎಂದು ಎರಡು ಸಲ ಕುಟ್ಟಿ, ರಸೀತಿ ಹರಿದು ಕೊಟ್ಟರು. “ಮತ್ತೇನು?” ಏನಿಲ್ಲ ಎಂದಳು. “ಮೂರು ಗಂಟೆ ಬಸ್ಸಿಗೆ ಹೋಗ್ತೈತೆ, ಮನೀಗ್ ಹೋಗಮ್ಮ.”

ಹೋಗಲಿಲ್ಲ. ಮೆಟ್ಟಿಲ ಮೇಲೆ ನೆರಳು ಇದ್ದ ಕಡೆ ಕೂತಳು. ಮೂರರ ಬಸ್ಸು ಮೂರೂವರೆಗೆ ಬಂತು. ಖಾಕಿ ಅಂಗಿಯವನೊಬ್ಬ ಟಪಾಲಿನ ಚೀಲವನ್ನು ಹೆಗಲಿಂದ ಇಳಿಸಿ ಡ್ರೈವರಿನ ಪಕ್ಕಕ್ಕೆ ನೂಕಿದ. ಬಸ್ಸು ಧೂಳೆಬ್ಬಿಸಿ ತಿರುವಿನಲ್ಲಿ ಮರೆಯಾಯಿತು. ಆಗ ಗಿಡ್ಡಮ್ಮ ಕೈ ನೋಡಿಕೊಂಡಳು. ಬಲಗೈಯ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಅಂಟಿದ್ದವು, ಹಾಳೆಯ ಮೂಲೆ ಹಿಡಿದುಕೊಂಡ ಹಾಗೆ. ಮೆಲ್ಲನೆ ಬಿಡಿಸಿದಳು.